ಹೊರಗೋಡೆ

ಹುಬ್ಬಳ್ಳಿಯ ರಾತ್ರಿ ಬಸ್ಸು ಪಣಜಿಗೆ ಆರಕ್ಕೆ ಬಂತು.
ಮೊದಲು ಇಳಿದದ್ದು ಪಾರವ್ವ, ಕಂಕುಳಲ್ಲಿ ರೊಟ್ಟಿ ಗಂಟು,
ಹಿಂದೆ ಅವಳ ಗಂಡ ರಾಚಪ್ಪ,
ಆಮೇಲೆ, ಕಾಲೆಳೆಯುತ್ತ, ಸಂಗನಬಸು.
ಗುಳೇದಗುಡ್ಡದಲ್ಲಿ ಒಂದೇ ಓಣಿ ನಮ್ಮದು.
ಮೂವರೂ ಮಗ್ಗದವರು. ತಪ್ಪಿಸಿಕೊಂಡವನು ನಾನೊಬ್ಬ.

ನಿಂತ ಬಸ್ಸಿನ ಮೈಮೇಲೆ ಕದಂಬ ಅಂತ ಇದ್ದದ್ದು ಓದಿ
ಸಂಗನಬಸು ಎದೆ ಉಬ್ಬಿಸಿದ:
‘ಬನವಾಸಿ ಅರಸರು! ನಮ್ಮವರ ಹೆಸರು ಇಟ್ಟಾರ ನೋಡು.’
ಹೌದಪ್ಪ, ಎಂದೆ. ಅರಸರೂ ಇಲ್ಲಿ ಟಿಕೆಟ್ ತಗೋಬೇಕು.

ಬಿಸಿ ಪಾವು, ಬಟಾಣಿ ಭಾಜಿ, ಎರಡೆರಡು ಚಹಾ.
ಇಗರ್ಜಿಯ ಮೆಟ್ಟಿಲನ್ನು ರಾಚಪ್ಪ ಎಣಿಸುತ್ತ ಹತ್ತಿದ,
ನಡುವೆ ಮರೆತ, ಇಳಿದ, ಮತ್ತೆ ಮೊದಲಿಂದ ಹತ್ತಿದ.
ಒಂದೆಳೆ ತಪ್ಪಿದರೂ ಅವನಿಗೆ ನಿದ್ದೆ ಬರುವುದಿಲ್ಲ.

ಆಮೇಲೆ ಫೊಂಟೇನ್ಯಾಸ್.
ಇದು ನನ್ನ ಊರು, ಅಂದೆ. ಈ ನೀಲಿ ನಂದು.
ಆ ಮೂಲೆಯ ಕಾವಿ ನಂದು. ಬಾಲ್ಕನಿ ಕೆಳಗಿನ ಹಳದಿಗೆ
ಒಣಗುವ ಮುಂಚೆ ಮಳೆ ಬಡಿಯಿತು, ಅದನ್ನು ನೋಡಬೇಡಿ.
ಇಪ್ಪತ್ತೆರಡು ವರ್ಷ, ಮಳೆಗಾಲ ಮುಗಿದೊಡನೆ
ಏಣಿ ಹೊತ್ತು ಇವೇ ಸಂದಿಗಳಲ್ಲಿ
ಪಾಚಿ ಕೆರೆದು, ಬಿರುಕು ಮೆತ್ತಿ, ಎರಡು ಕೈ ಬಣ್ಣ,
ಕಿಟಕಿಗೆ ಬಿಳಿ ಅಂಚು.
ಟೋಪಿಯ ಹುಡುಗಿಯರು ನನ್ನ ನೀಲಿಗೆ ಒರಗಿ
ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮುದುಕಿಯೊಬ್ಬಳು
ಕಿಟಕಿ ತೆರೆದು, ಕೊಂಕಣಿಯಲ್ಲಿ ಬೈದು, ಮುಚ್ಚಿದಳು.

ಪಾರವ್ವನಿಗೆ ಫೋಟೊ ಬೇಡ.
ಖಣದ ಪೋತ ನೋಡುವಂತೆ ಗೋಡೆಗೆ ಮುಖ ತಂದು
ಉಗುರಿನಿಂದ ತುಸು ಕೆರೆದಳು:
ನೀಲಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಕಾವಿ.
‘ಎಲ್ಲಾ ನೀನ ಹಚ್ಚಿದ್ದೇನು?’
ಎಲ್ಲಾ.
‘ಒಳಗ ಯಾವ ಬಣ್ಣ ಐತಿ?’

ಬಾಯಿ ತೆರೆದೆ. ಮಾತು ಇರಲಿಲ್ಲ.
ಒಳಗಿನ ಕೆಲಸಕ್ಕೆ ಬೇರೆಯವರು. ನಾನು ಹೊರಗೋಡೆಯವನು.
ಏಣಿಯ ಮೇಲೆ ನಿಂತರೆ ಎದುರಿಗೆ ಎಳೆದ ಪರದೆ,
ಧೂಳು ಬೀಳಬಾರದಲ್ಲ.
ಒಮ್ಮೆ ಪಿಯಾನೊ ಕೇಳಿದ್ದೆ. ಒಮ್ಮೆ ಯಾರೋ ಅಳುವುದು.
ಬಿಳಿ ಇರಬೇಕು, ಅಂದೆ.

ಮಧ್ಯಾಹ್ನ ಬೇತಿಂ ಫೆರಿ. ದುಡ್ಡಿಲ್ಲ ಅಂದರೆ ರಾಚಪ್ಪ ನಂಬಲೊಲ್ಲ,
ಹತ್ತರ ನೋಟು ಮುಷ್ಟಿಯಲ್ಲಿ ಹಿಡಿದೇ ಹೊಳೆ ದಾಟಿದ.
ಕ್ಯಾಸಿನೊ ಹಡಗುಗಳು ಹಗಲು ಹೊತ್ತಿನಲ್ಲಿ
ಕೆಸರಿಗಿಳಿದ ಎಮ್ಮೆಗಳ ಹಾಗೆ ಸುಮ್ಮನಿದ್ದವು.
‘ಈ ಹೊಳಿ ಹೆಸರೇನೋ?’
ಮಾಂಡೋವಿ. ನಮ್ಮ ಕಡೆ ಮಹದಾಯಿ ಅಂತಾರಲ್ಲ, ಅದೇ.

ಸಂಗನಬಸು ಕಂಬಿ ಹಿಡಿದುಕೊಂಡ.
ಮಲಪ್ರಭೆಗೆ ಈ ನೀರು ಬರಲಿ ಅಂತ
ನರಗುಂದದ ರಸ್ತೆಯಲ್ಲಿ ಹನ್ನೊಂದು ದಿನ ಮಲಗಿದವನು,
ಲಾಠಿ ಬಿದ್ದ ಮೊಣಕಾಲು ಇವತ್ತಿಗೂ ಮಡಚುವುದಿಲ್ಲ.
ಆಚೆ ದಡದಲ್ಲಿ ಆ ಕಾಲು ಚಾಚಿ ಕುಂತು
ಬೊಗಸೆ ತುಂಬ ಎತ್ತಿ ಕುಡಿದ.
ಉಗುಳಿದ.
‘ಉಪ್ಪು ಐತಲೋ!’

ಯಾರಿಗೂ ನಗಲು ಧೈರ್ಯವಾಗಲಿಲ್ಲ. ಪಾರವ್ವನಿಗೆ ಆಯಿತು.
ಆಮೇಲೆ ರಾಚಪ್ಪ, ಆಮೇಲೆ ನಾನು,
ಕೊನೆಗೆ ಅವನೂ, ಮೀಸೆಯಿಂದ ನೀರು ತೊಟ್ಟಿಕ್ಕುತ್ತ.
ಮೇಲಕ್ಕೆ ಹೋದರೆ ಸಿಹಿ ಐತಪ್ಪ, ಎಂದೆ,
ಇಲ್ಲಿ ಸಮುದ್ರ ಹೊಕ್ಕೈತಿ.
ಕೇಳಿಸಿಕೊಳ್ಳಲಿಲ್ಲ. ಬಾಟಲಿಯ ಒಳ್ಳೆ ನೀರು ಚೆಲ್ಲಿ
ಇದನ್ನು ತುಂಬಿಕೊಂಡ,
ನರಗುಂದದವರಿಗೆ ಒಂದೊಂದು ಗುಟುಕು ಕುಡಿಸಬೇಕಂತೆ.

ಸಂಜೆ ಕಾಂಪಾಲಿನ ಕಟ್ಟೆಯ ಮೇಲೆ
ರೊಟ್ಟಿ, ಶೇಂಗಾ ಚಟ್ನಿ, ಒಂದು ಈರುಳ್ಳಿ ನಾಲ್ಕು ಪಾಲು.
ಹಡಗುಗಳಿಗೆ ದೀಪ ಹತ್ತಿದವು. ಎಮ್ಮೆಗಳು ಮದುಮಕ್ಕಳಾದವು.
ಯಾರೂ ಏನೂ ಕೇಳಲಿಲ್ಲ.

ರಾತ್ರಿ, ಬಸ್ಸಿನ ಕಿಟಕಿಯಿಂದ, ಪಾರವ್ವ:
‘ಊರೆಲ್ಲಾ ತೋರಿಸಿದಿ. ನಿನ್ನ ಮನಿ?’
ಚಿಂಬೆಲ್ ಬಹಳ ದೂರ, ಹೊತ್ತಾತು, ಎಂದೆ.
ಹದಿನೈದು ನಿಮಿಷ. ಗಿಲಾವು ಕಾಣದ ಇಟ್ಟಿಗೆ, ಮೇಲೆ ತಗಡು.
‘ಯಾವ ಬಣ್ಣ, ಅಷ್ಟರ ಹೇಳು.’

ಬಸ್ಸು ಹೊರಟಿತ್ತು. ಸಂಗನಬಸುವಿನ ತೊಡೆಯ ಮೇಲೆ ಬಾಟಲಿ ಕುಲುಕಿತು.
ಏನೋ ಒಂದು ಅಂದೆ. ಹಾರ್ನಿನಲ್ಲಿ ಅವಳಿಗೆ ಏನು ಕೇಳಿಸಿತೋ,
ತಲೆಯಾಡಿಸಿದಳು,
ಒಳ್ಳೆ ಬಣ್ಣ, ಅನ್ನುವ ಹಾಗೆ.